ಏಳನೆಯ ಕುತ್ತಿಗೆ

ಸೀತಾರಾಮ ದವಾಖಾನೆಯ ಬಾವಿ ದಾಟಿ ನಾಲ್ಕು ಹೆಜ್ಜೆ ಬಂದಿದ್ದ, ಅಷ್ಟೇ. ಹಿಂದಿನಿಂದ ಕೇಳಿತು... ಟಕ್.

ನಿಂತ. ಮಾರ್ಗಶಿರದ ಚಳಿ. ಬಾವಿಕಟ್ಟೆಯ ಮೇಲೆ ಮಂಜು ಕೂತಿತ್ತು. ಗಂಟೆ ಹನ್ನೊಂದರ ಮೇಲಾಗಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ... ಮತ್ತೆ, ಟಕ್. ಒಣಮರವನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟರೆ ಬರುವ ಸದ್ದು. ಅವನು ಮರದ ಕೆಲಸದವನು, ಮರದ ಸದ್ದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲೆ ಮರ, ತೆಳ್ಳಗೆ ಕೆತ್ತಿದ್ದು. ಅವನೇ ಕೆತ್ತಿದ್ದು.

ಎಣಿಸಿದ. ಹನ್ನೊಂದು ಸಲ ಆಯಿತು. ಆಮೇಲೆ ಯಾರೋ ಉಸಿರು ಬಿಟ್ಟ ಹಾಗೆ... ಹೂಂ... ಮತ್ತೆ ಮೊದಲಿನಿಂದ, ಟಕ್.

ಹೆದರಿಸಲಿಕ್ಕೆ ಹೇಳುತ್ತಿಲ್ಲ ನಾನು. ಪಾದ ಹಿಂದುಮುಂದಾದ ದೆವ್ವ ಬೇಕಾದರೆ ಬೇರೆ ಯಾರ ಹತ್ತಿರವಾದರೂ ಹೋಗಿ ಕೇಳಿಕೊಳ್ಳಿ. ಇದು ನಮ್ಮ ಪಕ್ಕದ ಮನೆಯವನಿಗೆ ಆದದ್ದು, ಇದೇ ಶಿರಸಿಯಲ್ಲಿ, ಮೂವತ್ತಾರನೇ ಇಸವಿಯಲ್ಲಿ. ನೆನೆದರೆ ಈಗಲೂ ನನಗೆ ಹೆದರಿಕೆಗಿಂತ ಮೊದಲು ಅಳು ಬರುತ್ತದೆ.

ಗುಡಿಗಾರ ಸೀತಾರಾಮ ಅಂದರೆ ನಮ್ಮ ಗೋಡೆಯ ಆಚೆಯವನು. ಗಂಧದ ಪೆಟ್ಟಿಗೆ, ದೇವರ ಮೂರ್ತಿ ಕೆತ್ತುವ ಮನೆತನ. ಒಳ್ಳೆಯವನು, ಆದರೆ ಒಂದು ಹುಚ್ಚು. ಎಡಕ್ಕೂ ಬಲಕ್ಕೂ ಒಂದೆಳೆ ಹೆಚ್ಚುಕಡಿಮೆ ಇರಬಾರದು. ಮೂರ್ತಿಯ ಹಣೆಯಿಂದ ಪಾದದ ತನಕ ನೂಲು ಇಳಿಬಿಟ್ಟು ಎರಡೂ ಕಡೆ ಅಳೆಯುವುದು ಅವರಲ್ಲಿ ಪದ್ಧತಿ. ಸಮ ಬಾರದ ಮೂರ್ತಿ ಪೂಜೆಗೆ ಸಲ್ಲುವುದಿಲ್ಲ ಅಂತ ಅವರು ಯಾರಿಗೂ ಕೊಡುವುದಿಲ್ಲ. ಇವನದ್ದು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ನನ್ನಮ್ಮ ಅಮೀರುನ್ನಿಸಾ ಅಂಗಳದಲ್ಲಿ ಹಪ್ಪಳ ಒಣಗಿಸಿದರೆ, ಅಕ್ಕಾ ಮೂರನೇ ಸಾಲು ಸೊಟ್ಟ, ಅಂತ ಗೋಡೆಯ ಆಚೆಯಿಂದಲೇ ಹೇಳುತ್ತಿದ್ದ. ಅಮ್ಮ ಬೇಕೆಂದೇ ನಾಲ್ಕನೆಯದನ್ನೂ ಸೊಟ್ಟ ಇಡುತ್ತಿದ್ದಳು.

ಇವನಿಗೆ ಡಾಕ್ಟರ್ ದಿನಕರ ಅವರ ಕೆಲಸ ಸಿಕ್ಕಿತ್ತು. ಡಾಕ್ಟರು ಸಿದ್ದಾಪುರ ಕಡೆಯ ಹವ್ಯಕರು, ಬೊಂಬಾಯಿಯಲ್ಲಿ ಓದಿ ಬಂದು ನಮ್ಮ ಪೇಟೆಯ ಅಂಚಿನಲ್ಲಿ ದವಾಖಾನೆ ಇಟ್ಟಿದ್ದರು. ಅವರಿಗೊಂದು ಓದಿನ ಗೀಳು. ಕಿವಿಯ ಕೆಳಗೆ ಕುತ್ತಿಗೆಗೆ ಬೆರಳಿಟ್ಟರೆ ಹೊಡೆದುಕೊಳ್ಳುತ್ತದಲ್ಲ, ತಲೆಗೆ ರಕ್ತ ಒಯ್ಯುವ ನಾಳ... ಅದು ಎಲ್ಲರಲ್ಲೂ ಒಂದೇ ದಾರಿ ಹಿಡಿಯುವುದಿಲ್ಲವಂತೆ. ಒಬ್ಬರಲ್ಲಿ ಮೇಲೆ ಹೋಗಿ ಕವಲೊಡೆಯುತ್ತದೆ, ಒಬ್ಬರಲ್ಲಿ ಕೆಳಗೇ ಒಡೆಯುತ್ತದೆ. ಕೆಲವರಲ್ಲಿ ಎಡಗಡೆಯದ್ದು ಬಲಗಡೆಯದ್ದರ ಬುಡದಿಂದಲೇ ಹುಟ್ಟುತ್ತದೆ. ಇದೆಲ್ಲ ತಾಯಿಯ ಹೊಟ್ಟೆಯಲ್ಲಿರುವಾಗಲೇ ನಿಶ್ಚಯವಾಗಿಬಿಡುತ್ತದೆ. ಅದನ್ನು ನೋಡಿ ಬರೆದು ಬೊಂಬಾಯಿಗೆ ಕಳಿಸಬೇಕು ಅಂತ ಡಾಕ್ಟರ ಆಸೆ.

ಅದಕ್ಕೆ ಬೇಕಾದದ್ದು ಹೊಟ್ಟೆಯಲ್ಲೇ ಸತ್ತು ಹುಟ್ಟಿದ ಶಿಶುಗಳು. ಆಗಿನ ಚಳಿಜ್ವರದ ದಿನಗಳಲ್ಲಿ ಅದಕ್ಕೇನೂ ಕಡಿಮೆ ಇರಲಿಲ್ಲ, ಹೇಳಲಿಕ್ಕೇ ಸಂಕಟ. ಡಾಕ್ಟರು ತಂದೆತಾಯಿಯನ್ನು ಕೇಳಿಯೇ ತೆಗೆದುಕೊಳ್ಳುತ್ತಿದ್ದರು. ಕೊಡುವುದಿಲ್ಲ ಅಂದರೆ ಕೈಮುಗಿದು ಬಿಟ್ಟುಬಿಡುತ್ತಿದ್ದರು. ಸಿಂಧೂರ ಕಲಸಿದ ಮೇಣವನ್ನು ಕಾಸಿ ನಾಳದೊಳಗೆ ಬಿಡುವುದು. ಅದು ಆರಿದ ಮೇಲೆ ಬಿಡಿಸಿದರೆ ನಾಳದ ದಾರಿಯೆಲ್ಲ ಕೆಂಪಾಗಿ ಎದ್ದು ಕಾಣುತ್ತದೆ. ಅದನ್ನು ನೋಡಿಕೊಂಡು ಸೀತಾರಾಮ ಹಾಲೆ ಮರದಲ್ಲಿ ಎರಡು ಪಟ್ಟು ದೊಡ್ಡದಾಗಿ ಕುತ್ತಿಗೆ ಕೆತ್ತಿ ನಾಳಕ್ಕೆ ಕೆಂಪು ಬಣ್ಣ ಹಚ್ಚಬೇಕು. ಅವನ ಕೆಲಸ ಮುಗಿದ ಮೇಲೆ ಶಿಶುವನ್ನು ದವಾಖಾನೆಯ ಸೂಲಗಿತ್ತಿ ಹೊನ್ನಿ ಮಡಕೆಯಲ್ಲಿಟ್ಟು ಬಾವಿಯ ಆಚೆ ಹೂಳುತ್ತಿದ್ದಳು. ಹೂಳುವ ಮೊದಲು ಪ್ರತಿಯೊಂದಕ್ಕೂ ಬೆಚ್ಚಗಿನ ನೀರು ಹಾಕುತ್ತಿದ್ದಳಂತೆ. ಸತ್ತದ್ದಕ್ಕೆ ಬೆಚ್ಚಗಿನ ನೀರು ಯಾಕೆ ಅಂದರೆ ಇನ್ನೊಂದು ಚೊಂಬು ಹಾಕುತ್ತಿದ್ದಳು.

ಏಳನೆಯದು ಮಂಜಿಯ ಶಿಶು.

ಮಂಜಿಯನ್ನು ಶಿರಸಿಗೆ ಕರೆತಂದವನು ನನ್ನ ಅಬ್ಬಾ, ಹಯಾತ್. ಯಲ್ಲಾಪುರದಿಂದ ಶಿರಸಿಗೆ ಸರ್ವಿಸ್ ಮೋಟಾರು ಓಡಿಸುತ್ತಿದ್ದ. ಮೇ ತಿಂಗಳ ಕೊನೆ. ಕಾಡಿನಲ್ಲಿ ಮರ ಕಡಿಯುವ ಕ್ಯಾಂಪಿನವರು ಇವಳನ್ನು ರಸ್ತೆ ಬದಿಗೆ ತಂದು ಕೂರಿಸಿ ಹೋಗಿದ್ದರು. ಗಂಡ ಬೇರೆ ಕಂಟ್ರಾಕ್ಟರನ ಹಿಂದೆ ಹೋದವನು, ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಎರಡು ದಿನದಿಂದ ನೋವು. ಅಬ್ಬಾ ಮುಂದಿನ ಸೀಟಿನವರನ್ನು ಎಬ್ಬಿಸಿ ಅವಳನ್ನು ಮಲಗಿಸಿದ. ಹೆಸರು ಕೇಳಿದ. ದಾರಿಯುದ್ದಕ್ಕೂ ಅವಳು ಮಾತಾಡಿದ್ದು ಆ ಹೆಸರೊಂದೇ. ಮಂಚಿಕೇರಿಯ ಏರಿನಲ್ಲಿ ಇಂಜಿನ್ ಕಾದು ನೀರು ಕುದಿಯಿತು. ಅದನ್ನು ಆರಿಸುವುದರಲ್ಲಿ ಅರ್ಧ ಗಂಟೆ ಹೋಯಿತು. ಶಿರಸಿ ಮುಟ್ಟುವಾಗ ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು ಮಗು. ಸಂಜೆಗೆ ತಾಯಿಯೂ ಹೋದಳು. ಸ್ವಲ್ಪ ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ ಅಂತ ಅಬ್ಬಾ ಕೇಳಿದ್ದಕ್ಕೆ ಡಾಕ್ಟರು ಅವನ ಬೆನ್ನು ತಟ್ಟಿದರು, ಅಷ್ಟೇ. ಅಬ್ಬಾ ಅದನ್ನು ಸಾಯುವ ತನಕ ಹೊತ್ತುಕೊಂಡ.

ಮಂಜಿಯನ್ನು ಊರ ಹೊರಗಿನ ಮಸಣದಲ್ಲಿ ಮಣ್ಣು ಮಾಡಿದರು. ಶಿಶುವನ್ನು ಕೊಡುತ್ತೀರಾ ಅಂತ ಕೇಳಲಿಕ್ಕೆ ಅವಳ ಕಡೆಯವರು ಯಾರೂ ಇರಲಿಲ್ಲ. ಡಾಕ್ಟರು ಇಟ್ಟುಕೊಂಡರು.

ತಪ್ಪಾದದ್ದು ಇಲ್ಲಿ. ಮೊದಲಿನ ಆರು ಕೆತ್ತುವಾಗ ಡಾಕ್ಟರು ಪಕ್ಕದಲ್ಲೇ ಕೂತು ಇದು ಹೀಗೆ, ಅದು ಹಾಗೆ ಅಂತ ತೋರಿಸುತ್ತಿದ್ದರು. ಈ ಸಲ ಮೇಣ ತುಂಬಿ ಬಿಡಿಸಿಟ್ಟರು, ಸರಿಯಾಗಿ ನೋಡುವುದರೊಳಗೆ ಸಿದ್ದಾಪುರದಿಂದ ಕಷ್ಟದ ಹೆರಿಗೆಯ ಕರೆ ಬಂತು. ಈ ಸೆಕೆಗೆ ಶಿಶು ನಿಲ್ಲುವುದಿಲ್ಲ, ಇವತ್ತೇ ಮುಗಿಸು, ಅಂತ ಹೇಳಿ ಹೊರಟುಹೋದರು. ಸೀತಾರಾಮ ಒಬ್ಬನೇ ಕೂತ. ನೋಡಿದರೆ ಎಡಗಡೆಯ ನಾಳ ನೆಟ್ಟಗೆ ಏರಿದೆ. ಬಲಗಡೆಯದ್ದು ಅರ್ಧ ದಾರಿಗೆ ಬಂದು, ಹೊರಗೆ ಬಾಗಿ, ಒಂದು ಸುತ್ತು ಹಾಕಿ ಆಮೇಲೆ ಏರಿದೆ. ನೂಲು ಇಳಿಬಿಟ್ಟ. ಸಮ ಇಲ್ಲ. ಹುಟ್ಟುವಾಗ ಕುತ್ತಿಗೆ ತಿರುಚಿರಬೇಕು ಪಾಪ, ಅಂದುಕೊಂಡ. ಮರದಲ್ಲಾದರೂ ನೆಟ್ಟಗಿರಲಿ ಅಂತ ಎರಡೂ ಕಡೆ ಒಂದೇ ಸಮ ಕೆತ್ತಿದ. ಕರುಣೆಯಿಂದಲೇ ಮಾಡಿದ್ದು, ಅದನ್ನು ಮರೆಯಬೇಡಿ. ಎರಡು ದಿನ ಬಿಟ್ಟು ಬಂದ ಡಾಕ್ಟರು ಮರವನ್ನು ನೋಡಿ, ಇದೊಂದು ಎಲ್ಲರ ಹಾಗೇ ಇದೆ ಅಂತ ಬರೆದುಕೊಂಡರು. ಅಷ್ಟರೊಳಗೆ ಹೊನ್ನಿ ಶಿಶುವನ್ನು ಹೂತಾಗಿತ್ತು. ಇವನು ಬಾಯಿ ಬಿಡಲಿಲ್ಲ. ಬಿಡುವಂಥದ್ದು ಏನೋ ಇದೆ ಅಂತಲೇ ಅವನಿಗೆ ಹೊಳೆಯಲಿಲ್ಲ.

ಡಿಸೆಂಬರಿಗೆ ಹನ್ನೊಂದು ಕುತ್ತಿಗೆ ಮುಗಿದವು. ಮುಂದಿನ ವಾರ ಬೊಂಬಾಯಿಗೆ ಕಳಿಸಬೇಕು. ದವಾಖಾನೆಯ ಹಿಂದಿನ ಕೋಣೆಯ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಸೀತಾರಾಮ ಬಣ್ಣ ಒರಸಿ ಮೆರುಗು ಕೊಡಲಿಕ್ಕೆ ರಾತ್ರಿ ತನಕ ಕೂರುತ್ತಿದ್ದ. ಹಾಗೆ ಮುಗಿಸಿ ಬೀಗ ಹಾಕಿ ಹೊರಟ ರಾತ್ರಿಯೇ ಬಾವಿಯ ಹತ್ತಿರ ಆ ಸದ್ದು ಕೇಳಿದ್ದು.

ಮಾರನೇ ದಿನ ಹೊನ್ನಿಯನ್ನು ಕೇಳಿದ, ರಾತ್ರಿ ನೀನು ಕೋಣೆಗೆ ಹೋಗಿದ್ದೆಯಾ ಅಂತ. ಹೊನ್ನಿ ದೀಪ ಹಚ್ಚುವ ಹೊತ್ತಿಗೇ ಮನೆಗೆ ಹೋಗುವವಳು. ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಿನಗೂ ಕೇಳ್ತಾ?" ಅಂದಳು. ಸಾಲಾಗಿ ಇಟ್ಟ ದಿನವೇ ಸಂಜೆ ಅವಳಿಗೂ ಕೇಳಿತ್ತಂತೆ.

ಆ ರಾತ್ರಿ ಅವನು ಮನೆಗೆ ಹೊರಟ ಹಾಗೆ ಮಾಡಿ ಬಾವಿಕಟ್ಟೆಯ ಹಿಂದೆ ನಿಂತ. ಧೈರ್ಯವಂತ ಏನಲ್ಲ, ನಾಯಿ ಬೊಗಳಿದರೆ ನಮ್ಮ ಅಂಗಳಕ್ಕೆ ಓಡಿ ಬರುವ ಗಿರಾಕಿ. ಆದರೆ ಅವನು ಕೆತ್ತಿದ್ದನ್ನು ಯಾರೋ ಮುಟ್ಟುತ್ತಿದ್ದಾರೆ ಅಂದರೆ ಅವನಿಂದ ಮಲಗಲಿಕ್ಕೆ ಆಗುವುದಿಲ್ಲ. ಕಾದ. ದೂರದಲ್ಲಿ ಗಾಡಿಯ ಎತ್ತಿನ ಗಂಟೆ ಕೇಳಿ ನಿಂತಿತು... ಆಮೇಲೆ, ಟಕ್.

ಕಿಟಕಿಗೆ ಹೋಗಿ ಇಣುಕಿದ. ಒಳಗೆ ಬೆಳಕಿಲ್ಲ, ಆದರೂ ಕಾಣುತ್ತಿತ್ತು. ಒಬ್ಬಳು ಹೆಂಗಸು. ಹಲಗೆಯ ಮುಂದೆ ನಿಂತು ಒಂದೊಂದೇ ಕುತ್ತಿಗೆಯನ್ನು ಎತ್ತಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ಮಲಗಿಸಿಕೊಂಡು, ಬಲಗೈಯ ಬೆರಳನ್ನು ಬುಡದಿಂದ ಮೇಲಕ್ಕೆ ಎಳೆಯುವಳು... ಸರ್... ಸರ್... ಚರ್ಮ ಮರದ ಮೇಲೆ ಜಾರುವ ಸದ್ದು. ಇಡುವಳು, ಟಕ್. ಮುಂದಿನದು. ಹನ್ನೊಂದನೆಯದನ್ನು ಇಟ್ಟ ಮೇಲೆ ಹೂಂ ಅಂತ ಉಸಿರು ಬಿಟ್ಟಳು. ಮತ್ತೆ ಮೊದಲನೆಯದಕ್ಕೆ ಕೈ ಹಾಕಿದಳು.

ಓಡಿಬರಬಹುದಿತ್ತು. ಬರಲಿಲ್ಲ. ಮಗು ಎತ್ತಿಕೊಂಡ ಹಾಗೆ ಅವಳು ಅದನ್ನು ಎತ್ತಿಕೊಳ್ಳುವುದನ್ನು ನೋಡಿ ಕಾಲು ಏಳಲಿಲ್ಲ, ಅಂತ ಅಮ್ಮನ ಹತ್ತಿರ ಹೇಳಿ ಅತ್ತಿದ್ದಾನೆ. ಬೀಗ ತೆಗೆದು ಒಳಗೆ ಹೋದ.

"ಯಾರು?" ಅಂದ, ಪಿಸುದನಿಯಲ್ಲಿ.

ಅವಳು ತಿರುಗಲಿಲ್ಲ. "ಇದ್ರಾಗ ನಂದು ಯಾವುದು?"

ಹನ್ನೊಂದು ಶಿಶುಗಳಲ್ಲಿ ತಾಯಿಯೂ ಹೋದದ್ದು ಒಂದರದ್ದೇ, ಅವನಿಗೆ ಅರ್ಥವಾಗಿಹೋಯಿತು. ಏಳನೆಯದನ್ನು ತೋರಿಸಿದ.

ಅವಳು ಬೆರಳು ಎಳೆದಳು. ಎಡಗಡೆ... ಬಲಗಡೆ... "ಇದಲ್ಲ."

"ಅದೇ," ಅಂದ.

"ಇದು ನಂದಲ್ಲ."

ಕೋಪವಿರಲಿಲ್ಲ ಆ ದನಿಯಲ್ಲಿ. ದಣಿವಿತ್ತು. ಅವಳು ಅವನ ಕೈ ಹಿಡಿದು ಬೆರಳನ್ನು ತನ್ನ ಕುತ್ತಿಗೆಗೆ ಇಟ್ಟುಕೊಂಡಳು, ಬಲಗಡೆ, ಕಿವಿಗಿಂತ ಕೆಳಗೆ. ಚರ್ಮದ ಒಳಗೆ ನಾಳ ಸಿಕ್ಕಿತು. ಅದು ಅರ್ಧ ದಾರಿಗೆ ಬಂದು... ಹೊರಗೆ ಬಾಗಿ... ಒಂದು ಸುತ್ತು ಹಾಕಿ... ಏರಿತು. ಅವನ ಬೆರಳು ಆ ಸುತ್ತನ್ನು ಗುರುತಿಸಿತು. ಆಮೇಲೆ ಇನ್ನೊಂದು ಗೊತ್ತಾಯಿತು. ನಾಳ ಅಲ್ಲಿದೆ, ಹೊಡೆತ ಇಲ್ಲ. ಎಷ್ಟು ಹೊತ್ತು ಇಟ್ಟರೂ ಇಲ್ಲ. ಬಾವಿಯ ಕಲ್ಲು ಮುಟ್ಟಿದ ಹಾಗೆ ತಣ್ಣಗೆ.

"ನಮ್ಮವ್ವಂದೂ ಹಿಂಗೇ ಇತ್ತು," ಅಂದಳು. "ನನ್ನ ಕೂಸು ಎಲ್ಲೈತಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಬೆರಳ ಕೆಳಗೆ ಏನೂ ಇರಲಿಲ್ಲ.

ಬೆಳಕು ಹರಿಯುವ ಮೊದಲೇ ಡಾಕ್ಟರ ಮನೆ ಬಾಗಿಲಲ್ಲಿ ಕೂತಿದ್ದ. ಕಂಡದ್ದನ್ನು ಹೇಳಿದ. ಡಾಕ್ಟರು ಅವನ ಕಣ್ಣು ಅಗಲಿಸಿ ನೋಡಿದರು, ಜ್ವರ ಇದೆಯೇ ಅಂತ ಮುಟ್ಟಿ ನೋಡಿದರು. ಆಮೇಲೆ ಅವನು ಏಳನೆಯದನ್ನು ತಾನು ನೆಟ್ಟಗೆ ಮಾಡಿದ ಸಂಗತಿ ಹೇಳಿದ. ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ಬಲಗಡೆಯೋ ಅಂತ ಕೇಳಿದರು. ಹೊರಗೆ ಬಾಗಿತ್ತೋ, ಒಳಗೋ ಅಂತ ಕೇಳಿದರು. ಇವನು ತಪ್ಪಾಯಿತು, ಕುತ್ತಿಗೆ ತಿರುಚಿದೆ ಅಂತ ತಿಳಿದು ಸರಿ ಮಾಡಿದೆ ಅಂದ. ಪೇಟೆಯವರ ಹತ್ತಿರ ಡಾಕ್ಟರು ಪುಸ್ತಕದ ಕನ್ನಡ ಆಡುವವರು. ಅವತ್ತು ಮನೆಮಾತೇ ಬಂತು.

"ಅದು ತಪ್ಪಲ್ದೋ ಮಾರಾಯಾ," ಅಂದರು. "ಆ ಕೂಸು ಇದ್ದಿದ್ದೇ ಹಂಗೆ."

ಸೀತಾರಾಮ ಮುಖ ಮುಚ್ಚಿಕೊಂಡು ಅತ್ತ. ಆ ಮಗು ಈ ಭೂಮಿಗೆ ತಂದದ್ದು ಆ ಒಂದು ಸುತ್ತು ಮಾತ್ರ. ಹಾಲು ಕುಡಿಯಲಿಲ್ಲ, ಹೆಸರಿಲ್ಲ, ಅತ್ತ ಸದ್ದಿಲ್ಲ. ತಾಯಿಗೆ ಗುರುತು ಸಿಗುವಂತೆ ಇದ್ದದ್ದು ಅದೊಂದು, ಅದನ್ನೂ ಇವನು ಉಳಿಯಿಂದ ಅಳಿಸಿದ್ದ.

ಶಿಶುವನ್ನು ತಾಯಿಯ ಹತ್ತಿರ ಇಡಬೇಕು ಅಂತ ಸೀತಾರಾಮ ಹಟ ಹಿಡಿದ. ಡಾಕ್ಟರು ದೆವ್ವವನ್ನು ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಬೇಡ ಅನ್ನಲಿಲ್ಲ. ಹೊನ್ನಿಯನ್ನು ಕರೆದು ಏಳನೆಯ ಮಡಕೆ ಯಾವುದು ಅಂತ ಕೇಳಿದರು. ಹೊನ್ನಿ ಬಾವಿಯ ಆಚೆಯ ಜಾಗ ನೋಡುತ್ತಾ ನಿಂತಳು. ಮಳೆಗಾಲ ಕಳೆದು ನೆಲವೆಲ್ಲ ಒಂದೇ ಸಮ ಆಗಿತ್ತು.

"ಗುರ್ತು ಎಂತದೂ ಇಟ್ಟಿಲ್ಲ," ಅಂದಳು. "ಇವನ್ನ ಕೇಳ್ಕಂಡು ಯಾರಾದ್ರೂ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಮೇಣ ಇರುತ್ತದೆ ಅಂತ ಡಾಕ್ಟರಿಗೆ ಹೊಳೆಯಿತು. ಮೈ ಮಣ್ಣಾದರೂ ನಾಳದೊಳಗೆ ಬಿಟ್ಟ ಮೇಣ ಹಾಗೇ ಉಳಿದಿರುತ್ತದೆ, ಅದರ ದಾರಿಯೂ ಹಾಗೇ. ಆದರೆ ಆ ದಾರಿಯನ್ನು ಬಲ್ಲವನು ಈ ಲೋಕದಲ್ಲಿ ಸೀತಾರಾಮ ಒಬ್ಬನೇ.

ಅವತ್ತು ಸಂಜೆ ಅಬ್ಬಾ ಮೋಟಾರು ನಿಲ್ಲಿಸಿ ಮನೆಗೆ ಬಂದ ಕೂಡಲೇ ಸೀತಾರಾಮ ಕರೆದುಕೊಂಡು ಹೋದ. ಮಂಜಿಯ ಕೆಲಸ ಅಂದದ್ದಕ್ಕೆ ಅಬ್ಬಾ ಚಹಾ ಸಹ ಕುಡಿಯಲಿಲ್ಲ. ಕತ್ತಲಾದ ಮೇಲೆ ಡಾಕ್ಟರೂ ಹೊನ್ನಿಯೂ ಸೇರಿ ನಾಲ್ವರು ಅಗೆಯಲಿಕ್ಕೆ ಶುರುಮಾಡಿದರು. ಹಾರೆ ಹಾಕಲಿಲ್ಲ, ಕೈಯಲ್ಲೇ ಮಣ್ಣು ಬಗೆದರು. ಮಡಕೆ ಸಿಕ್ಕಿದ ಹಾಗೆ ಹೊನ್ನಿ ಮುಚ್ಚಳ ತೆಗೆಯುವಳು, ಅಬ್ಬಾ ಲಾಟೀನು ಹಿಡಿಯುವನು, ಸೀತಾರಾಮ ಕಣ್ಣು ಮುಚ್ಚಿ ಬೆರಳು ಇಳಿಸುವನು. ಒಳಗೆ ಬಟ್ಟೆ, ಒಂದಿಷ್ಟು ಸಣ್ಣ ಮೂಳೆ, ನಡುವೆ ಕೆಂಪು ಮೇಣದ ಕವಲು. ಅಲ್ಲ ಅಂತ ತಲೆ ಆಡಿಸಿದರೆ ಹೊನ್ನಿ ಮತ್ತೆ ಮುಚ್ಚಿ ಅಲ್ಲೇ ಇಡುವಳು. ಒಂದರಂತೆ ಇನ್ನೊಂದು ಇರಲಿಲ್ಲವಂತೆ. ಎಂಟು ಮಡಕೆ ಆಯಿತು. ಒಂಬತ್ತನೆಯದರಲ್ಲಿ ಅವನ ಕೈ ನಿಂತಿತು. ಬೆರಳು ಏರಿತು, ಹೊರಗೆ ಬಾಗಿತು, ಸುತ್ತು ಹಾಕಿತು.

"ಇದು," ಅಂದ.

ಡಾಕ್ಟರು ಆ ಮೇಣವನ್ನು ಅಂಗೈಯಲ್ಲಿ ತೆಗೆದುಕೊಂಡು ಲಾಟೀನಿಗೆ ಹಿಡಿದರು. ಅವರು ವರ್ಷಗಟ್ಟಲೆ ಹುಡುಕಿದ್ದು ಇಂಥದ್ದನ್ನೇ. ಹನ್ನೊಂದರಲ್ಲಿ ಬೊಂಬಾಯಿಯವರು ಬೆರಗಾಗುವಂಥದ್ದು ಇದೊಂದೇ ಅಂತ ಆಮೇಲೆ ಅವರೇ ಅಬ್ಬಾನ ಹತ್ತಿರ ಹೇಳಿದ್ದುಂಟು. ತುಂಬಾ ಹೊತ್ತು ನೋಡಿದರು. ಎಣ್ಣೆ ಮುಗಿದ ಬತ್ತಿ ಚಿಟಿಚಿಟಿ ಅನ್ನುತ್ತಿತ್ತು. ಕೊನೆಗೆ ಮೇಣವನ್ನು ಮಡಕೆಯೊಳಗೆ ಮಲಗಿಸಿ, ತಮ್ಮ ಹೆಗಲ ಮೇಲಿನ ಪಂಚೆ ತೆಗೆದು ಹೊನ್ನಿಗೆ ಕೊಟ್ಟು, ಕಟ್ಟು ಅಂದರು. ಬೊಂಬಾಯಿಗೆ ಹೋದದ್ದು ಹತ್ತೇ.

ಮಡಕೆಯನ್ನು ಅಬ್ಬಾ ಎತ್ತಿಕೊಂಡ. ಬೇರೆ ಯಾರಿಗೂ ಕೊಡಲಿಲ್ಲ. ನಾಲ್ಕು ಜನ ಮಂಜಿನಲ್ಲಿ ಮಸಣದ ತನಕ ನಡೆದು ಹೋದರು, ಮಂಜಿಯ ಮಣ್ಣಿನ ಪಕ್ಕದಲ್ಲಿ ಮಡಕೆಯನ್ನು ಇಳಿಸಿ ಮುಚ್ಚಿದರು. ಹಿಂದಿನ ಕೋಣೆಯಲ್ಲಿ ಆ ಸದ್ದು ಮತ್ತೆ ಯಾರಿಗೂ ಕೇಳಲಿಲ್ಲ.

ಅಬ್ಬಾ ಮನೆಗೆ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕೂತ. ಅಮ್ಮನಿಗೆ ಪಿಸುಮಾತಿನಲ್ಲಿ ಹೇಳಿದ. ನಾನಾಗ ಎಂಟು ವರ್ಷದವಳು, ಕಂಬಳಿಯೊಳಗೆ ಎಚ್ಚರವಿದ್ದೆ. ಮಡಕೆಯನ್ನು ಎದೆಗೆ ಒತ್ತಿ ಹಿಡಿದಿದ್ದನಂತೆ. ದಾರಿ ಹಿಡಿದ ಮೇಲೆ ಮಡಕೆಯ ಒಳಗಿನಿಂದ ಎದೆಗೆ ತಾಗಲಿಕ್ಕೆ ಶುರುವಾಯಿತು. ತನ್ನ ಎದೆಯೇ ಹೊಡೆದುಕೊಳ್ಳುತ್ತಿದೆ ಅಂದುಕೊಂಡ. ನಿಂತು ನೋಡಿದ. ತನ್ನದು ಬೇರೆ ಹೊಡೆಯುತ್ತಿತ್ತು. ತನ್ನದು ಒಂದು ಹೊಡೆದರೆ ಅದು ಎರಡು. ಹೀಗೆ... ಅಂತ ಬೆರಳಿನಿಂದ ಜಗಲಿಯ ಕಂಬಕ್ಕೆ ತಟ್ಟಿ ತೋರಿಸಿದ. ಟುಕುಟುಕು ಟುಕುಟುಕು ಟುಕುಟುಕು. ಮಸಣದ ತನಕ ಹೊಡೆಯಿತು, ಅವಳ ಪಕ್ಕದಲ್ಲಿ ಇಳಿಸಿದ ಕೂಡಲೇ ನಿಂತಿತು. ಅಮ್ಮ ಅವನ ಕೈ ಹಿಡಿದುಕೊಂಡು, ಸಾಕು ಅಂದಳು.

ಇಪ್ಪತ್ತು ವರ್ಷದ ಮೇಲಾಗಿರಬೇಕು. ನನ್ನ ಶಫಿ ಹೊಟ್ಟೆಯಲ್ಲಿದ್ದಾಗ ಅಬ್ಬಾನೇ ನನ್ನನ್ನು ಹುಬ್ಬಳ್ಳಿಗೆ ತೋರಿಸಲಿಕ್ಕೆ ಕರೆದುಕೊಂಡು ಹೋದ. ನರ್ಸು ನನ್ನ ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಕಿವಿ ಕೊಟ್ಟಳು. ಗೋಡೆಯ ಗಡಿಯಾರ ನೋಡುತ್ತಾ, ಒಳಗೆ ಕೇಳಿಸಿದ ಹಾಗೆ ಮಂಚದ ಕಬ್ಬಿಣದ ಸಲಾಕೆಗೆ ಉಗುರಿನಿಂದ ತಟ್ಟುತ್ತಿದ್ದಳು. ಟುಕುಟುಕು ಟುಕುಟುಕು ಟುಕುಟುಕು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಬ್ಬಾ ಎದ್ದು ಬಾಗಿಲಿಗೆ ಬಂದ. ಹೆಂಗಸರ ಕೋಣೆ ಅಂತಲೂ ನೋಡಲಿಲ್ಲ. ಇದು ಏನು ಅಂತ ಕೇಳಿದ.

"ಹೊಟ್ಟ್ಯಾಗಿನ ಕೂಸಿನ ಎದೀರಿ," ಅಂದಳು ನರ್ಸು. "ನಮ್ಮ ನಿಮ್ಮದು ಇಷ್ಟ್ ಜೋರ ಹೊಡಿಯಂಗಿಲ್ಲ."

ಅಬ್ಬಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಾನೇ ಕಣ್ಣಾರೆ ನೋಡಿದ್ದು. ಮೋಟಾರು ಓಡಿಸುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲದವನು ನನ್ನ ಅಬ್ಬಾ. ಹೊಟ್ಟೆಯೊಳಗಿನ ಮಗುವಿನ ಎದೆ ಎಷ್ಟು ಬೇಗ ಹೊಡೆಯುತ್ತದೆ ಅಂತ ಮೂವತ್ತಾರರಲ್ಲಿ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀವು ನಂಬಿ, ಬಿಡಿ, ಆದದ್ದನ್ನು ಆದ ಹಾಗೆ ಹೇಳಿದ್ದೇನೆ. ನರ್ಸಿನ ಉಗುರು ಇನ್ನೂ ಸಲಾಕೆಯ ಮೇಲೆ ತಟ್ಟುತ್ತಲೇ ಇತ್ತು.